ಕ್ಯಾಬ್‌ಗೆ ಹಾಕಿಸಿದ ಡ್ಯಾಶ್‌ಕ್ಯಾಮ್: ಎಂಟು ತಿಂಗಳು ಬಳಸಿದ ಮೇಲೆ

ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಕ್ಯಾಬ್ ಓಡಿಸುತ್ತಿದ್ದೇನೆ. ದೀಪಾವಳಿ ಸಮಯದಲ್ಲಿ ಜೆ.ಸಿ. ರೋಡಿನಲ್ಲಿ 4,800 ರೂಪಾಯಿ ಕೊಟ್ಟು ಈ ಡ್ಯಾಶ್‌ಕ್ಯಾಮ್ ಹಾಕಿಸಿದೆ. ಇದರಲ್ಲಿ ಎರಡು ಕ್ಯಾಮೆರಾ. ಒಂದು ರಸ್ತೆ ನೋಡುತ್ತದೆ, ಇನ್ನೊಂದು ಗಾಡಿಯ ಒಳಗೆ.

ಹಗಲಲ್ಲಿ ಮುಂದಿನ ಗಾಡಿಯ ನಂಬರ್ ಸಲೀಸಾಗಿ ಓದಬಹುದು. ರಾತ್ರಿ ಅಷ್ಟಕ್ಕಷ್ಟೇ. ಬ್ಯಾಟರಿ ಬದಲು ಕೆಪಾಸಿಟರ್ ಇರುವುದನ್ನೇ ಕೇಳಿ ತಗೊಳ್ಳಿ, ಬಿಸಿಲಿಗೆ ಗಾಜಿನ ಹಿಂದೆ ಬ್ಯಾಟರಿ ಉಬ್ಬುತ್ತದೆ.

ಅಪಘಾತವಾದರೆ ಇರಲಿ ಅಂತ ಕೊಂಡಿದ್ದು. ಕೆಲಸಕ್ಕೆ ಬಂದದ್ದು ಪೊಲೀಸರು ಕೈ ಅಡ್ಡ ಹಾಕಿದಾಗ.

ಜನವರಿಯ ಒಂದು ಬೆಳಗ್ಗೆ ನನ್ನ ಗಾಡಿ ನಿಲ್ಲಿಸಿದರು. ಸಿಗ್ನಲ್ ಜಂಪ್ ಅಂದರು. ನಾನು ಮಾಡಿರಲಿಲ್ಲ. ರಶೀದಿ ಇಲ್ಲದೆ ಐನೂರು ಕೇಳಿದರು. "ರಶೀದಿ ಕೊಡಿ ಸಾರ್, ಕಟ್ತೀನಿ" ಅಂದೆ. ಆಗ ಅವರ ಕಣ್ಣು ಕ್ಯಾಮೆರಾದ ಕೆಂಪು ಲೈಟಿನ ಮೇಲೆ ಬಿತ್ತು. "ಪೊಲೀಸ್ ವಿಡಿಯೊ ಮಾಡ್ತೀಯಾ? ಕೇಸ್ ಹಾಕ್ತೀನಿ, ಆಫ್ ಮಾಡು!" ಹೆದರಿ ಆಫ್ ಮಾಡಿದೆ. ದುಡ್ಡೂ ಕೊಟ್ಟೆ.

ರಾತ್ರಿ ಮನೆಗೆ ಬಂದು ಕಾರ್ಡ್ ತೆಗೆದರೆ ಬೆಳಗಿನ ವಿಡಿಯೊನೇ ಇಲ್ಲ. 64 ಜಿಬಿ ಕಾರ್ಡಿಗೆ ಎರಡೂ ಕ್ಯಾಮೆರಾ ಸೇರಿ ಐದು ಗಂಟೆ ಅಷ್ಟೇ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ನಾನು ದಾಟಿದಾಗ ಹಸಿರು ದೀಪ ಇತ್ತು, ಅದು ಆ ವಿಡಿಯೊದಲ್ಲಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಪರಿಚಯದ ವಕೀಲರನ್ನು ಕೇಳಿದೆ. ರಸ್ತೆಯಲ್ಲಿ ಡ್ಯೂಟಿಯಲ್ಲಿರುವ ಪೊಲೀಸರ ವಿಡಿಯೊ ತೆಗೆಯುವುದೇ ಅಪರಾಧ ಅನ್ನುವ ಸೆಕ್ಷನ್ ಇಲ್ಲ ಅಂದರು. ಅವರ ಕೆಲಸಕ್ಕೆ ಅಡ್ಡಿ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 221ನೇ ಸೆಕ್ಷನ್ ಬರುತ್ತದೆ. ಅಷ್ಟೇ ಅಲ್ಲ, ಪೊಲೀಸ್ ಠಾಣೆಯೂ 1923ರ ಅಧಿಕೃತ ರಹಸ್ಯ ಕಾಯ್ದೆ ಹೇಳುವ 'ನಿಷೇಧಿತ ಸ್ಥಳ' ಅಲ್ಲ, ಅಲ್ಲಿ ವಿಡಿಯೊ ತೆಗೆದರೂ ಆ ಕಾಯ್ದೆಯಡಿ ಅಪರಾಧ ಆಗುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲೇ ಹೇಳಿದೆಯಂತೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಐನೂರು ಉಳಿಯುತ್ತಿತ್ತು, ಅಲ್ವಾ?

ಏಪ್ರಿಲ್‌ನಲ್ಲಿ ಮತ್ತೆ ನಿಲ್ಲಿಸಿದರು. ಈ ಸಲ ಮೊದಲು ಬಲಗಡೆಯ ಲಾಕ್ ಗುಂಡಿ ಒತ್ತಿದೆ. ಅದನ್ನು ಒತ್ತಿದರೆ ಆಗ ಓಡುತ್ತಿರುವ ವಿಡಿಯೊ ಅಳಿಯುವುದಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, "ರೆಕಾರ್ಡ್ ಆಗ್ತಿದೆ ಸಾರ್. ದಾಖಲೆ ಎಲ್ಲ ಡಿಜಿಲಾಕರ್‌ನಲ್ಲಿದೆ, ತೋರಿಸ್ತೀನಿ" ಅಂದೆ. ನೋಡಿದರು, ಕಳಿಸಿದರು. ದನಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ಕ್ಯಾಮೆರಾ ಒಂದೇ ಇದ್ದರೆ ಕಿಟಕಿಯ ಹತ್ತಿರ ನಿಂತವರ ಮಾತು ಕೇಳುತ್ತದೆ, ಮುಖ ಬರುವುದಿಲ್ಲ. ಅದಕ್ಕೇ ಒಳಗಿನದ್ದೂ ಬೇಕು. ಪ್ರಯಾಣಿಕರು ಹತ್ತಿದ ಕೂಡಲೇ ಕ್ಯಾಮೆರಾ ಇದೆ ಅಂತ ಹೇಳಿಬಿಡುತ್ತೇನೆ, ಮೈಕ್ ಆಫ್ ಮಾಡುತ್ತೇನೆ. ಅವರ ಮಾತು ನನಗೆ ಬೇಡ.

ವಿಡಿಯೊ ಕೋರ್ಟಿಗೆ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಇರಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ವಿಡಿಯೊ ಸ್ವಲ್ಪ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡು ಸುಮ್ನೆ ಇರಬೇಡಿ. ಮೂಲ ಕಾರ್ಡನ್ನು ತೆಗೆದಿಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಡಬ್ಬಿಯಲ್ಲಿ ಬಂದ ಕಾಗದದಲ್ಲಿ ಲಾಕ್ ಗುಂಡಿಯ ಬಗ್ಗೆ ಒಂದು ಸಾಲೂ ಇಲ್ಲದ್ದಕ್ಕೆ.