ಮೂರು ವರ್ಷ ವಿಗಲ್ ಹಿಡಿದು ಮೈಸೂರು ಸುತ್ತಿದ ಮೇಲೆ

ಸುತ್ತಲಿನ ವೈಫೈ ನೆಟ್‌ವರ್ಕ್‌ಗಳನ್ನು ಪಟ್ಟಿ ಮಾಡಿ ನಕ್ಷೆಯಲ್ಲಿ ತೋರಿಸುವ ವಿಗಲ್ ಆ್ಯಪ್ ಹಾಕಿಕೊಂಡಿದ್ದು ಮನೆಯ ವೈಫೈ ಕಾಟಕ್ಕೆ. ಸಂಜೆ ಏಳಾದರೆ ಸಾಕು, ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ "ಲೈನ್ ಸರಿ ಇದೆ ಮೇಡಂ" ಅನ್ನೋದೊಂದೇ ಉತ್ತರ. ಒಂದಿನ ಮನೆಯ ಹಾಲ್‌ನಲ್ಲಿ ಕೂತು ಈ ಆ್ಯಪ್ ತೆರೆದೆ. ಸುತ್ತ ಹದಿನೇಳು ನೆಟ್‌ವರ್ಕ್, ಅದರಲ್ಲಿ ಒಂಬತ್ತು ನಮ್ಮ ರೂಟರ್ ಇದ್ದ 6ನೇ ಚಾನೆಲ್‌ನಲ್ಲೇ, ಅಂದರೆ ಸಿಗ್ನಲ್ ಹೋಗುವ ಒಂದೇ ದಾರಿಯಲ್ಲೇ! ನಮ್ಮ ರೂಟರ್ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಅಂದರೆ 1, 6, 11 ಇಷ್ಟೇ. ನಮ್ಮದನ್ನು 11ಕ್ಕೆ ಬದಲಾಯಿಸಿದೆ, ಕ್ಲಾಸ್ ನಿಲ್ಲೋದು ಅವತ್ತಿಗೆ ಮುಗೀತು.

ಆಮೇಲೆ ರುಚಿ ಹತ್ತಿತು. ಇದು ಯಾರ ವೈಫೈಗೂ ಒಳಗೆ ಹೋಗುವ ಆ್ಯಪ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ರೂಟರ್ ತನ್ನ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗಿ ಹೇಳುತ್ತಿರುತ್ತದೆ, ಆ್ಯಪ್ ಅದನ್ನು ಕೇಳಿಸಿಕೊಂಡು ಜಿಪಿಎಸ್ ಜಾಗದ ಜೊತೆ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ನಾವು ಅಪ್‌ಲೋಡ್ ಮಾಡಿದರೆ 2001ರಿಂದ ನಡೆಯುತ್ತಿರುವ ವಿಗಲ್‌ನ ದೊಡ್ಡ ನಕ್ಷೆಗೆ ಸೇರುತ್ತದೆ. ದುಡ್ಡಿಲ್ಲ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿಟ್ಟಿದ್ದಾರೆ.

ಹೊಸಬರಿಗೆ ಮುಖ್ಯವಾದ ಮಾತು ಇದು. ಮೊದಲ ಆರು ತಿಂಗಳು ನನಗೆ ಗೊತ್ತಿರಲಿಲ್ಲ. ಸ್ಕೂಟರ್‌ನಲ್ಲಿ ಸರಸ್ವತಿಪುರಂ ಇಡೀ ಸುತ್ತಿದರೂ ಬೆರಳೆಣಿಕೆಯಷ್ಟು ನೆಟ್‌ವರ್ಕ್ ಸಿಗುತ್ತಿತ್ತು. ತಪ್ಪು ಆ್ಯಪ್‌ದಲ್ಲ. ಆಂಡ್ರಾಯ್ಡ್ 9ರಿಂದ ಎರಡು ನಿಮಿಷಕ್ಕೆ ನಾಲ್ಕೇ ಸ್ಕ್ಯಾನ್, ಅಂದರೆ ಸುತ್ತಲಿನ ನೆಟ್‌ವರ್ಕ್ ಹುಡುಕಾಟ, ಅಂತ ಮಿತಿ ಇದೆ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಆಗ ಕಾಣುವ ಡೆವಲಪರ್ ಆಪ್ಷನ್ಸ್‌ಗೆ ಹೋಗಿ, ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ (ಅದೇ ಈ ಮಿತಿ) ಆಫ್ ಮಾಡಿ. ನಾನು ಹಾಗೆ ಮಾಡಿದ ಮಾರನೇ ದಿನ ಅದೇ ರಸ್ತೆಯಲ್ಲಿ ಪಟ್ಟಿ ಓಡತೊಡಗಿತು, ನೋಡಿ ಖುಷಿಯಾಗಿಹೋಯ್ತು. ಐಫೋನ್‌ನವರಿಗೆ ಈ ಸ್ಕ್ಯಾನ್ ಸಿಗಲ್ಲ, ಆಪಲ್ ಅದಕ್ಕೆ ಅವಕಾಶ ಕೊಟ್ಟಿಲ್ಲ.

ನಕ್ಷೆಯ ಚುಕ್ಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನಮ್ಮ ಮನೆ ರೂಟರ್ ಮೊದಮೊದಲು ಎದುರು ಮನೆ ಗೇಟಿನ ಹತ್ತಿರ ಕಾಣಿಸುತ್ತಿತ್ತು. ಯಾಕಂದರೆ ನಾನು ಓಡಾಡಿದ್ದು ಮುಂದಿನ ರಸ್ತೆಯಲ್ಲಿ ಮಾತ್ರ. ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲೂ ಎರಡು ಸಲ ನಡೆದು ಅಪ್‌ಲೋಡ್ ಮಾಡಿದೆ, ಚುಕ್ಕಿ ಮೆಲ್ಲಗೆ ನಮ್ಮ ಕಾಂಪೌಂಡ್ ಒಳಗೆ ಬಂತು. ಹಾಗಾಗಿ ಗಾಡಿಗಿಂತ ನಡಿಗೆ ವಾಸಿ, ಒಂದೇ ಕಡೆಯಿಂದ ಅಲ್ಲ, ಸುತ್ತಿ ಬರಬೇಕು.

ಹೋದ ವರ್ಷ ದೇವರಾಜ ಅರಸು ರಸ್ತೆಯಲ್ಲಿ ಒಂದು ನೆಟ್‌ವರ್ಕ್ ಮುಂದೆ ಡಬ್ಲ್ಯೂಇಪಿ ಅಂತ ಕಂಡಿತು. ವೈಫೈಗೆ ಹಾಕುವ ಹಳೇ ಭದ್ರತೆ ಅದು, ಎಷ್ಟೋ ವರ್ಷದ ಹಿಂದೆಯೇ ಮುರಿದುಬಿದ್ದ ಬೀಗ. ಹೆಸರು ನೋಡಿದರೆ ಎದುರಿಗಿದ್ದ ಅಂಗಡಿಯದೇ. ಒಳಗೆ ಹೋಗಿ ಹೇಳಿದೆ. ಯಜಮಾನರು "ನಿಮಗೆ ಹೆಂಗೆ ಗೊತ್ತಾಯ್ತಮ್ಮ?" ಅಂತ ಅನುಮಾನದಿಂದಲೇ ಕೇಳಿದರು. ಫೋನ್ ತೋರಿಸಿದ ಮೇಲೆ ಸ್ಟೂಲ್ ಎಳೆದು ಕೊಟ್ಟರು. ಅವರ ರೂಟರ್‌ನಲ್ಲೇ ಅದಕ್ಕಿಂತ ಗಟ್ಟಿಯಾದ ಡಬ್ಲ್ಯೂಪಿಎ2 ಬೀಗ ಇತ್ತು, ಯಾರೂ ಆರಿಸಿರಲಿಲ್ಲ. ಐದು ನಿಮಿಷದ ಕೆಲಸ. ಬಿಲ್ ಮಾಡುತ್ತಿದ್ದ ಕಂಪ್ಯೂಟರ್ ಅದೇ ವೈಫೈನಲ್ಲಿತ್ತು, ಅದನ್ನು ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಇನ್ನೊಂದು ಕೇಳಿಕೊಳ್ಳಬೇಕು. ವೈಫೈಗೆ ಮೊಬೈಲ್ ನಂಬರ್, ಮನೆ ನಂಬರ್ ಹೆಸರಿಡುವವರು ಜಾಸ್ತಿ ಇದ್ದಾರೆ, ದಯವಿಟ್ಟು ಬದಲಾಯಿಸಿ. ನಕ್ಷೆಯಲ್ಲಿ ನಿಮ್ಮದು ಬೇಡವೇ ಬೇಡ ಅಂದರೆ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ನೋಮ್ಯಾಪ್ ಅಂತ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ (_nomap) ಸೇರಿಸಿ.

ಬ್ಯಾಟರಿ ಸ್ವಲ್ಪ ಜಾಸ್ತಿಯೇ ತಿನ್ನುತ್ತದೆ, ನನ್ನ ಫೋನಿನಲ್ಲಿ ಒಂದು ಗಂಟೆ ನಡಿಗೆಗೆ ಶೇಕಡಾ 12ರಷ್ಟು. ಬ್ಯಾಟರಿ ಸೇವರ್ ಆನ್ ಇದ್ದರೆ ಮಧ್ಯದಲ್ಲೇ ಸ್ಕ್ಯಾನ್ ನಿಂತುಹೋಗುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.