ಎಡಕ್ಕೆ ಜಗ್ಗುತ್ತಿದ್ದ ಎಲೆಕ್ಟ್ರಿಕ್ ಕಾರು, ಗೋಕುಲ ರೋಡಿನ ಗ್ಯಾರೇಜು

ಹುಬ್ಬಳ್ಳಿ ಗೋಕುಲ ರೋಡಿನ ಅಡ್ಡ ಸಂದಿಯೊಂದರಲ್ಲಿ ಸಣ್ಣ ಗ್ಯಾರೇಜು ಇದೆ. ಬೋರ್ಡಿನ ಮೇಲೆ ಟೈರು, ಬ್ರೇಕು, ಸಸ್ಪೆನ್ಷನ್ ಅಂತಷ್ಟೇ ಬರೆದಿದೆ, ಎಲೆಕ್ಟ್ರಿಕ್ ಕಾರಿನ ಸುದ್ದಿಯೇ ಇಲ್ಲ. ಆದರೂ ನನ್ನ ಎಲೆಕ್ಟ್ರಿಕ್ ಕಾರಿನ ರೋಗ ಹಿಡಿದವರು ಇವರೇ.

ನಾನು ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿ ವಿದ್ಯಾನಗರಕ್ಕೆ ಪಾಠ ಮಾಡಲು ಓಡಾಡುವವಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ಎಡಕ್ಕೆ ಜಗ್ಗಲು ಶುರು ಮಾಡಿತು. ನಮ್ಮ ರಸ್ತೆ ಗೊತ್ತಲ್ಲ, ಬಲಕ್ಕೆ ಚಿಗರಿ ಬಸ್ಸಿನ ಪ್ರತ್ಯೇಕ ದಾರಿಯ ಕಂಬಿ, ಎಡಕ್ಕೆ ಬೈಕಿನವರು. ಸ್ಟೀರಿಂಗು ಬಲಕ್ಕೆ ಒತ್ತಿ ಹಿಡಿದು ನವಲೂರು ದಾಟುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತಿತ್ತು. ಚಾರ್ಜೂ ಮೊದಲಿಗಿಂತ ಬೇಗ ಇಳಿಯುತ್ತಿತ್ತು.

ಮೊದಲು ಹೋದ ಕಡೆ (ಹೆಸರು ಬೇಡ) ವ್ಹೀಲ್ ಅಲೈನ್‌ಮೆಂಟ್ (ಗಾಲಿಗಳ ಕೋನ ಸರಿಪಡಿಸುವುದು) ಮಾಡಿ, ಎಲ್ಲ ಅಂಕಿಗಳೂ ಹಸಿರಾಗಿರುವ, ಅಂದರೆ ಸರಿ ಇದೆ ಅನ್ನುವ ಕಾಗದ ಕೊಟ್ಟರು. ಕಾರು ಜಗ್ಗುವುದು ಬಿಡಲಿಲ್ಲ. ಮತ್ತೆ ಹೋದರೆ, "ಬ್ಯಾಟರಿ ಗಾಡಿ ಭಾರ ಇರ್ತದ್ರೀ ಮೇಡಂ, ಹಂಗ ಜಗ್ತದ" ಅಂದರು. ಭಾರ ಇದ್ದರೆ ಎಡಕ್ಕೇ ಯಾಕೆ ಜಗ್ಗಬೇಕು? ಬ್ಯಾಟರಿ ಇರುವುದು ಕಾರಿನ ನಡು ನೆಲದ ಕೆಳಗೆ ಅಲ್ವಾ?

ಗೋಕುಲ ರೋಡಿನ ಮಿಸ್ತ್ರಿ ಪಾನಾ ಮುಟ್ಟುವ ಮುಂಚೆ ಪ್ರಶ್ನೆ ಶುರು ಮಾಡಿದರು. "ಯಾವಾಗ ಜಗ್ತದ್ರೀ ಅಕ್ಕಾರ? ಎಕ್ಸಲೇಟರ್ ಒತ್ತಿದಾಗೋ, ಬಿಟ್ಟಾಗೋ, ಬ್ರೇಕ್ ಹಾಕಿದಾಗೋ?" ಜೋರಾಗಿ ಒತ್ತಿದಾಗ ಮಾತ್ರ ಜಗ್ಗಿದರೆ ಅದು ಮೋಟರಿನ ಎಳೆತವೂ ಇರಬಹುದಂತೆ. ನನ್ನದು ಯಾವಾಗಲೂ ಜಗ್ಗುತ್ತದೆ ಅಂದೆ. ಆಮೇಲೆ ತಾವೇ ಏರ್‌ಪೋರ್ಟ್ ಕಡೆ ಓಡಿಸಿ ನೋಡಿದರು. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡ ಅಂಚಿಗೆ ಇಳಿಜಾರು ಇರುತ್ತವೆ, ಯಾವ ಕಾರೂ ಸ್ವಲ್ಪ ಎಡಕ್ಕೆ ವಾಲುತ್ತದೆ. ಹಾಗಾಗಿ ಸಮತಟ್ಟಾದ ಜಾಗ ಹುಡುಕಿ ಮತ್ತೊಮ್ಮೆ ಓಡಿಸಿದರು. ಅಲ್ಲೂ ಎಡಕ್ಕೇ.

ವಾಪಸ್ ಬಂದು, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ ಗಾಳಿ ಸರಿ ಮಾಡಿದರು. ಮುಂದಿನ ಎರಡು ಗಾಲಿ ಎಡಬಲ ಅದಲುಬದಲು ಮಾಡಿ ಮತ್ತೆ ಓಡಿಸಿದರು. ಟೈರಿನದೇ ದೋಷವಾಗಿದ್ದರೆ ಎಳೆತ ಬಲಕ್ಕೆ ತಿರುಗಬೇಕು. ತಿರುಗಲಿಲ್ಲ. (ಒಂದೇ ದಿಕ್ಕಿಗೆ ತಿರುಗುವ ಬಾಣದ ಗುರುತಿನ ಟೈರಾದರೆ ಹೀಗೆ ಬದಲಿಸುವಂತಿಲ್ಲ. ನನ್ನವು ಅಂಥವಲ್ಲ.) ಹಳೆಯ ಅಲೈನ್‌ಮೆಂಟ್ ಕಾಗದವನ್ನೂ ಓದಿದರು. ಟೋ (ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೆಟ್ಟರೆ ಟೈರು ಸವೆಯುತ್ತದೆ, ಸ್ಟೀರಿಂಗು ಸೊಟ್ಟ ನಿಲ್ಲುತ್ತದೆ. ಅಲೈನ್‌ಮೆಂಟಿನಿಂದ ಒಂದೇ ಕಡೆ ಜಗ್ಗಬೇಕಾದರೆ ಎಡಬಲದ ಕ್ಯಾಂಬರ್ (ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವುದು) ಅಥವಾ ಕ್ಯಾಸ್ಟರ್‌ನಲ್ಲಿ (ಗಾಲಿ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ವ್ಯತ್ಯಾಸ ಇರಬೇಕು. ಅವೂ ಸರಿಯಾಗಿದ್ದವು. "ಈ ಕಾಗದ ಸರಿ ಐತ್ರಿ, ಮತ್ತ ಅಲೈನ್‌ಮೆಂಟಿಗೆ ರೊಕ್ಕ ಹಾಕಬ್ಯಾಡ್ರಿ" ಅಂದರು. ಅಲೈನ್‌ಮೆಂಟ್ ಮಷೀನು ಅವರ ಹತ್ತಿರವೇ ಇದೆ, ನೆನಪಿರಲಿ.

ಕೊನೆಗೆ ಸಿಕ್ಕಿದ್ದು ಬ್ರೇಕಿನಲ್ಲಿ. ಓಡಿಸಿ ತಂದ ತಕ್ಷಣ ಗನ್ನಿನಂಥ ಥರ್ಮಾಮೀಟರ್ ಹಿಡಿದರು. ಮುಂದಿನ ಎಡ ಡಿಸ್ಕು ಬಲದ್ದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ಗೆ ಹಾಕಿ, ಕಾರು ಎತ್ತಿದರು. ಜಾಕ್ ಇಡುವ ಜಾಗ ತೋರಿಸಿ ಹುಡುಗನಿಗೆ ಬೈದೇ ಹೇಳಿದರು, ಅಂಚಿನ ಗುರುತಿಗೇ ರಬ್ಬರ್ ಇಟ್ಟು ಜಾಕ್ ಕೊಡಬೇಕು, ಬ್ಯಾಟರಿ ಪೆಟ್ಟಿಗೆಗೆ ತಾಗಕೂಡದು. ಗಾಲಿ ಕೈಯಲ್ಲಿ ತಿರುಗಿಸಿದರೆ ಬಲಗಡೆಯದು ಸಲೀಸು, ಎಡಗಡೆಯದು ಬಿಗಿ. ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿದಾಗ ಅದು ಜಾರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗ್ರೀಸು ಒಣಗಿತ್ತು. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಹೆಚ್ಚು ಸವೆದಿತ್ತು. ಬ್ರೇಕ್ ಪೂರ್ತಿ ಬಿಡದೇ ಗಾಲಿಯನ್ನು ಹಿಡಿದುಕೊಂಡೇ ಇತ್ತು. ಎಡಕ್ಕೆ ಎಳೆಯುತ್ತಿದ್ದದ್ದೂ ಚಾರ್ಜು ತಿನ್ನುತ್ತಿದ್ದದ್ದೂ ಅದೇ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ರೇಕು ಹೀಗೆ ಕಚ್ಚಿಕೊಳ್ಳುವುದು ಇನ್ನಷ್ಟು ಸುಲಭ. ಎಕ್ಸಲೇಟರ್ ಬಿಟ್ಟರೆ ಮೋಟರೇ ಜನರೇಟರ್ ಆಗಿ ಕಾರನ್ನು ನಿಧಾನ ಮಾಡುತ್ತದೆ. ರೀಜೆನ್ ಅನ್ನುವ ಈ ವ್ಯವಸ್ಥೆಯನ್ನು ಜಾಸ್ತಿ ಇಟ್ಟುಕೊಂಡವರು ಬ್ರೇಕ್ ಒತ್ತುವುದೇ ಅಪರೂಪ. ನಾನೂ ಹಾಗೇ ಓಡಿಸುವುದು, ಕಂಪನಿಯವರು ಹೊಗಳುವುದೂ ಅದನ್ನೇ. ಕೆಲಸವಿಲ್ಲದ ಕ್ಯಾಲಿಪರ್‌ಗೆ ಮಳೆ ನೀರು, ನಮ್ಮೂರಿನ ಕೆಂಧೂಳು ಸೇರಿದರೆ ಹಿಡಿದುಕೊಳ್ಳುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ರೀಜೆನ್ ಇಳಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ ಅಂದರು ಮಿಸ್ತ್ರಿ. ವರ್ಷಕ್ಕೊಮ್ಮೆ ಪಿನ್ನು ತೊಳೆದು ಗ್ರೀಸು ಹಚ್ಚಿಸಬೇಕಂತೆ.

ಪಿನ್ನು ತೊಳೆದು, ಬಿಸಿ ತಡೆಯುವ ಬ್ರೇಕ್ ಗ್ರೀಸು ಹಚ್ಚಿ, ಎರಡೂ ಕಡೆಯ ರಬ್ಬರ್ ಬೂಟು ಮತ್ತು ಪ್ಯಾಡುಗಳನ್ನು ಬದಲಿಸಿದರು. ಒಂದೇ ಕಡೆ ಹಾಕಿದರೆ ಮತ್ತೆ ಜಗ್ಗುತ್ತದೆ ಅಂತ ಎರಡೂ ಕಡೆ. ಬಿಲ್ಲು 3,400 ರೂಪಾಯಿ, ಅರ್ಧಕ್ಕಿಂತ ಜಾಸ್ತಿ ಪ್ಯಾಡಿನದೇ. ಕಾರು ಈಗ ನೆಟ್ಟಗೆ ಓಡುತ್ತದೆ.

ಕೊರತೆಗಳೂ ಇವೆ. ಕೂರಲು ಒಂದು ಹಳೇ ಟೈರು ಬಿಟ್ಟರೆ ಏನೂ ಇಲ್ಲ. ಫೋನ್ ಎತ್ತುವುದಿಲ್ಲ. ಬೆಳಗ್ಗೆ ಬಿಟ್ಟ ಕಾರು ಸಿಗಲು ಸಂಜೆಯಾಯಿತು. ಕೆಲಸದ ವಿವರ ಬಿಲ್ಲಿನಲ್ಲಿ ಬರೆಯಿರಿ ಅಂತ ಎರಡು ಸಲ ಕೇಳಬೇಕಾಯಿತು. ಬ್ಯಾಟರಿ, ಮೋಟರ್, ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವೈರಿನ ತಂಟೆಗೆ ಇವರು ಹೋಗುವುದಿಲ್ಲ, ಅದನ್ನು ಮೊದಲೇ ಹೇಳುತ್ತಾರೆ. ಅದಕ್ಕೆಲ್ಲ ಕಂಪನಿಯ ಸರ್ವಿಸ್ ಸೆಂಟರೇ ಗತಿ. ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಸಂದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.