ಸಬ್‌ವೂಫರ್ ಕೊಳ್ಳುವ ಮೊದಲು ಹಿಂಬದಿಯ ಸ್ಕ್ರೂ ಬಿಚ್ಚಿಸಿ ನೋಡಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಕಪ್ಪು ಪೆಟ್ಟಿಗೆ ಇದೆ. ಮಳೆಗಾಲದಲ್ಲಿ ಅದರ ಮೇಲೆ ಕೊಡೆಗಳು ಒಣಗುತ್ತವೆ. ಮುಂಭಾಗದಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ 1000 ವಾಟ್ ಎಂದು ಅಚ್ಚಾಗಿದೆ. ಅದಕ್ಕಾಗಿ ನಾನು 8,300 ರೂಪಾಯಿ ನಗದು ಎಣಿಸಿದ್ದೇನೆ, ಸಾಲದ್ದಕ್ಕೆ ಏನೂ ಕೆಡದಿದ್ದ ನನ್ನ ಹಳೆಯ ಸಬ್‌ವೂಫರನ್ನೂ (ಕೆಳಸ್ವರಕ್ಕೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಕೊಟ್ಟು ಬಂದಿದ್ದೇನೆ. ಆ ಪೆಟ್ಟಿಗೆಯಿಂದ ನನ್ನ ಹೆಂಡತಿಗೆ ಕರೆಂಟು ಹೊಡೆದಿದೆ. ಕಡಿಮೆ ಖರ್ಚಿನಲ್ಲಿ ಹೋಮ್ ಥಿಯೇಟರ್ ಸುಧಾರಿಸಲು ಹೊರಟಿರುವವರು ನನ್ನ ಪೆದ್ದುತನವನ್ನು ಒಮ್ಮೆ ಪೂರ್ತಿ ಓದಿಬಿಡಿ.

ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ. ಶಬ್ದವನ್ನು ಸ್ಪೀಕರುಗಳಿಗೆಲ್ಲ ಹಂಚುವ ಸೆಕೆಂಡ್ ಹ್ಯಾಂಡ್ ರಿಸೀವರ್, ಐದು ಪುಟ್ಟ ಸ್ಪೀಕರುಗಳು, 8 ಇಂಚಿನ ಒಂದು ಸಬ್‌ವೂಫರ್, ಇಷ್ಟೇ ನನ್ನ ಥಿಯೇಟರು. ಕಳೆದ ಮೇ ತಿಂಗಳಿನಲ್ಲಿ ಒಂದು ಸಂಜೆ ಸಿನಿಮಾ ನೋಡುತ್ತಿದ್ದಾಗ ಗುಡುಗು ಗುಡುಗಿನಂತೆ ಕೇಳಲಿಲ್ಲ. ತಗಡಿನ ಮೇಲೆ ಕಡಲೆ ಸುರಿದಂತೆ ಕೇಳಿತು. ಎದ್ದು ಹೋಗಿ ನೋಡಿದರೆ ಸಬ್‌ವೂಫರಿನ ದೀಪ ಹಸಿರಾಗದೆ ಕೆಂಪಗೇ ಇತ್ತು. ಸ್ಪೀಕರಿನ ನಡುಗುವ ಪರದೆಯ, ಅಂದರೆ ಕೋನಿನ ಮೇಲೆ ಬೆರಳಿಟ್ಟೆ, ಕಂಪನವೇ ಇಲ್ಲ. ಹತ್ತು ವರ್ಷ ಹಳೆಯದು, ಸತ್ತಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ದೊಡ್ಡದೊಂದನ್ನು ತರಲು ನೆಪ ಸಿಕ್ಕಿತಲ್ಲ! ಏಕೆ ಸತ್ತಿತು ಎಂದು ಹುಡುಕುವ ಗೋಜಿಗೆ ಹೋಗದಿದ್ದುದಕ್ಕೆ ಆ ಖುಷಿಯೇ ಕಾರಣ.

ಶನಿವಾರ ಹಳೆಯದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳು ಸಾಲಾಗಿರುವ ಲ್ಯಾಮಿಂಗ್ಟನ್ ರಸ್ತೆಗೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದು ಹೆಸರಾಗಿ ಎಷ್ಟೋ ಕಾಲವಾಗಿದ್ದರೂ ಟ್ಯಾಕ್ಸಿಯವರಿಂದ ಹಿಡಿದು ಚಹಾದವರವರೆಗೆ ಎಲ್ಲರ ಬಾಯಲ್ಲೂ ಅದು ಲ್ಯಾಮಿಂಗ್ಟನ್ ರಸ್ತೆಯೇ. ಅಲ್ಲಿ ಒಳ್ಳೆಯ ಅಂಗಡಿಗಳು ಎಷ್ಟೋ ಇವೆ, ಹಿಂದೆ ಅಲ್ಲಿಂದ ತಂದ ಮಾಲು ಇವತ್ತಿಗೂ ನಮ್ಮ ಮನೆಯಲ್ಲಿ ಓಡುತ್ತಿದೆ. ನಾನು ಹೋದದ್ದು ಮಾತ್ರ ಪಕ್ಕದ ಗಲ್ಲಿಯೊಂದರ ಮರದ ಮೆಟ್ಟಿಲು ಹತ್ತಿ, ಸಹೋದ್ಯೋಗಿಯೊಬ್ಬನ ಮಾತು ಕೇಳಿ.

ಅಂಗಡಿಯವನು ನನ್ನ ಹಳೆಯ ಪೆಟ್ಟಿಗೆಯನ್ನು ಪ್ಲಗ್ಗಿಗೂ ಹಾಕಲಿಲ್ಲ. ಒಮ್ಮೆ ಬೆರಳಿನಿಂದ ತಟ್ಟಿ, "ಆಂಪ್ಲಿಫೈಯರ್ ಹೋಗಿದೆ" ಎಂದ. ತಟ್ಟಿ ನೋಡಿ ಆಂಪ್ಲಿಫೈಯರ್ ಹೋಗಿದೆ ಎನ್ನಲು ಅದೇನು ಕಲ್ಲಂಗಡಿ ಹಣ್ಣೇ? ಆಗ ಈ ಪ್ರಶ್ನೆ ಹೊಳೆಯಲಿಲ್ಲ. ಬಳಿಕ ಅವನು 12 ಇಂಚಿನದನ್ನು ತೋರಿಸಿದ, ಹಾಡು ಹಚ್ಚಿದ. ಆ ಸಣ್ಣ ಕೋಣೆಯ ಕಿಟಕಿಯ ಗಾಜು ನಡುಗಿತು. "ಎತ್ತಿ ನೋಡಿ, ಮ್ಯಾಗ್ನೆಟ್ ಎಷ್ಟು ದೊಡ್ಡದು ಎಂದು ತೂಕವೇ ಹೇಳುತ್ತದೆ" ಎಂದ. ಎತ್ತಿದೆ. ಹದಿನಾಲ್ಕು ಕಿಲೋ ಇದ್ದೀತು. ಆ ತೂಕಕ್ಕೇ ನಾನು ಮರುಳಾದದ್ದು. 9,800 ಹೇಳಿದ, ಹಳೆಯದಕ್ಕೆ 1,500 ಮುರಿದುಕೊಂಡ, ಉಳಿದ ಹಣ ಎಣಿಸಿದೆ. ಬಿಲ್ ಕೇಳಿದ್ದಕ್ಕೆ, ಪಕ್ಕಾ ಬಿಲ್ ಬೇಕಾದರೆ ಮೇಲೆ 18 ಪ್ರತಿಶತ ಜಿಎಸ್‌ಟಿ ಬೀಳುತ್ತದೆ ಎಂದ. ಉಳಿತಾಯದ ಆಸೆಗೆ ಅಂಗಡಿಯ ಹೆಸರೂ ಇಲ್ಲದ ಹಾಳೆಯ ಚೂರನ್ನು ಜೇಬಿಗಿಳಿಸಿದೆ. ಶನಿವಾರದ ಸಂಜೆಯ ಲೋಕಲ್‌ನಲ್ಲಿ ಅದನ್ನು ಸಾಮಾನಿನ ಡಬ್ಬಿಯಲ್ಲಿ ಇಟ್ಟುಕೊಂಡು ಡೊಂಬಿವಲಿ ತಲುಪಿದ ಕಥೆಯನ್ನು ಬಿಡುತ್ತೇನೆ, ಮೀನಿನ ಬುಟ್ಟಿಯವರ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮನೆಗೆ ಬಂದು ತಂತಿ ಜೋಡಿಸಿದೆ. ಹೊಸ ಪೆಟ್ಟಿಗೆಯ ದೀಪವೂ ಕೆಂಪಗೇ ಉಳಿಯಿತು!

ಇಲ್ಲಿ ತಲೆ ಓಡಬೇಕಿತ್ತು. ಎರಡು ಬೇರೆ ಬೇರೆ ಪೆಟ್ಟಿಗೆಗಳು ಒಂದೇ ರೀತಿ ಸುಮ್ಮನಾದರೆ ದೋಷ ಪೆಟ್ಟಿಗೆಯಲ್ಲಿ ಇರಲಾರದು, ಅದರ ಹಿಂದೆ ಎಲ್ಲೋ ಇದೆ. ಬಲ್ಬು ಬದಲಿಸಿದರೂ ಹತ್ತದಿದ್ದರೆ ನಾವು ಸ್ವಿಚ್ಚನ್ನು ನೋಡುವುದಿಲ್ಲವೇ? ನಾನು ಸ್ವಿಚ್ಚು ನೋಡುವ ಬದಲು ಮೆಕ್ಯಾನಿಕನನ್ನು ಕರೆದೆ. ಸ್ಟೇಷನ್ ಬಳಿಯ ರಿಪೇರಿ ಅಂಗಡಿಯಿಂದ ಬಂದವನು ಸಬ್‌ವೂಫರಿನ ತಂತಿಯನ್ನು ರಿಸೀವರಿನ ಬೇರೊಂದು ಕಿಂಡಿಗೆ ಚುಚ್ಚಿದ, ಆಟೋ ಎಂದಿದ್ದ ಸ್ವಿಚ್ಚನ್ನು ಆನ್‌ಗೆ ತಳ್ಳಿದ, ಶಬ್ದದ ಮಟ್ಟ ಏರಿಸುವ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಶಬ್ದವೇನೋ ಬಂತು, ಅದರ ಜೊತೆ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎನ್ನುವ ನಾದವೂ ಬಂತು. ಸಿನಿಮಾ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಒಂದು ವ್ಯವಸ್ಥೆಗೆ ಎರಡು ದಾರಿಯಲ್ಲಿ ಅರ್ಥ್ (ನೆಲದ ಸಂಪರ್ಕ) ಸಿಕ್ಕಿದಾಗ, ಅಂದರೆ ಸಬ್‌ವೂಫರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಒಂದು ಮತ್ತು ಮಹಡಿಯಿಂದ ಇಳಿದು ಬಂದ ಕೇಬಲ್ ಟಿವಿ ತಂತಿಯ ಹೊರಜಾಲರಿಯಿಂದ ಇನ್ನೊಂದು, ಅವೆರಡರ ನಡುವೆ ಸಣ್ಣ ಪ್ರವಾಹ ಹರಿದು ಆ 50 ಹರ್ಟ್ಜ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಜ್ ಸ್ಪೀಕರಿನಲ್ಲಿ ಕೇಳಿಸುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ಪರೀಕ್ಷೆಗೆ ಒಂದು ನಿಮಿಷ ಸಾಕು. ಸಬ್‌ವೂಫರಿಗೆ ಬರುವ ಸಿಗ್ನಲ್ ತಂತಿಯನ್ನು ಕೀಳಿ. ಗುಂಯ್‌ಗುಡುವುದು ಆಗಲೂ ಇದ್ದರೆ ದೋಷ ಅದರೊಳಗೇ ಇದೆ. ನಿಂತರೆ, ತಂತಿಯನ್ನು ಮತ್ತೆ ಹಾಕಿ ಸೆಟ್‌ಟಾಪ್ ಬಾಕ್ಸಿನ ಕೇಬಲನ್ನು ಕೀಳಿ. ಆಗ ನಿಂತರೆ ಕಳ್ಳ ಸಿಕ್ಕಿದ.

ಮೆಕ್ಯಾನಿಕ್ ಇದಾವುದನ್ನೂ ಮಾಡಲಿಲ್ಲ. ಇಕ್ಕಳ ತೆಗೆದು ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಕಡಿದ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ನಾದ ಥಟ್ಟನೆ ನಿಂತಿತು. ನನಗೆ ಅವನು ಧನ್ವಂತರಿಯಂತೆ ಕಂಡ. ಐನೂರು ರೂಪಾಯಿ ಕೊಟ್ಟು, ಚಹಾ ಕುಡಿಸಿ ಕಳುಹಿಸಿದೆ. ಕಡಿದ ಹಿತ್ತಾಳೆಯ ಪಿನ್ನು ಸೋಫಾದ ಕೆಳಗೆ ಉರುಳಿ ಹೋಗಿತ್ತು, ಮುಂದೆ ಗುಡಿಸುವಾಗ ಸಿಕ್ಕಿತು.

ಜುಲೈನಲ್ಲಿ ಮಳೆ ಎರಡು ದಿನ ಬಿಡದೆ ಹೊಡೆಯಿತು. ಗೋಡೆಗಳು ಬೆವರುತ್ತಿದ್ದವು. ನನ್ನ ಹೆಂಡತಿ ಹಾಲ್ ಒರೆಸುತ್ತಾ ಪೆಟ್ಟಿಗೆಯನ್ನು ಸರಿಸಲೆಂದು ಅದರ ಹಿಂಬದಿಯ ಲೋಹದ ಫಲಕಕ್ಕೆ ಒದ್ದೆ ಕೈ ಹಚ್ಚಿದಳು. ಕಿರುಚಿಕೊಂಡು ಹಿಂದಕ್ಕೆ ಬಿದ್ದಳು. ಬಕೆಟ್ಟು ಉರುಳಿತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಮೊಣಕೈವರೆಗೆ ಜೋಮು ಹಿಡಿದದ್ದು ಇಳಿಯಲು ಅರ್ಧ ಗಂಟೆ ಬೇಕಾಯಿತು. ಬರಿಗಾಲಿನಲ್ಲಿದ್ದಿದ್ದರೆ ಎಂಬ ಯೋಚನೆ ಈಗಲೂ ರಾತ್ರಿ ಬಂದು ಹೋಗುತ್ತದೆ.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಕುಂದಾಪುರದ ಕಡೆಯ ಒಬ್ಬ ಹಿರಿಯರಿದ್ದಾರೆ. ವಾಲ್ವ್ ರೇಡಿಯೊ ಕಾಲದಿಂದ ರಿಪೇರಿ ಮಾಡಿ ಈಗ ಮನೆಯಲ್ಲಿ ಕುಳಿತವರು, ಎಲ್ಲರಿಗೂ ಮಾಮ. ಅವರನ್ನು ಮೇ ತಿಂಗಳಲ್ಲಿಯೇ ಕೇಳಬಹುದಿತ್ತು. ಕೇಳಲಿಲ್ಲ, ಮುದುಕರಿಗೆ ಹೋಮ್ ಥಿಯೇಟರ್ ಏನು ಗೊತ್ತು ಎಂಬ ಜಂಬ. ಮಾಮ ಮೊದಲು ಕಡಿದ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ ಎಂದು ಸ್ವಲ್ಪ ಹೊತ್ತು ಕಾದು, ಹಿಂಬದಿಯ ಎಂಟು ಸ್ಕ್ರೂ ಬಿಚ್ಚಿದರು. ಒಳಗೆ ತಳದಲ್ಲಿ ಸಿಮೆಂಟಿನ ಹಲಗೆಯೊಂದನ್ನು ಅಂಟಿಸಿದ್ದರು. ನಾನು ಮರುಳಾದ ತೂಕ ಅದೇ! ಸ್ಪೀಕರಿನ ಹಿಂದಿನ 'ದೊಡ್ಡ ಮ್ಯಾಗ್ನೆಟ್' ಮೇಲೆ ಮಾಮ ಸ್ಕ್ರೂಡ್ರೈವರ್ ಇಟ್ಟರು, ಅದು ಅಂಟಿಕೊಳ್ಳದೆ ಜಾರಿತು. ಪ್ಲಾಸ್ಟಿಕ್ಕಿನ ಟೋಪಿ. ತೆಗೆದರೆ ಒಳಗೆ ರಾಗಿ ರೊಟ್ಟಿಯ ಪಕ್ಕದ ಇಡ್ಲಿಯಂತೆ ಒಂದು ಪುಟ್ಟ ಮ್ಯಾಗ್ನೆಟ್ಟು. ಟ್ರಾನ್ಸ್‌ಫಾರ್ಮರಿನ ಮೇಲೆ 12-0-12, 3 ಆಂಪಿಯರ್ ಎಂದಿತ್ತು. ಲೆಕ್ಕ ಅಂಗೈಯಲ್ಲೇ ಆಗುತ್ತದೆ: 12 ಮತ್ತು 12 ಸೇರಿ 24 ವೋಲ್ಟ್, ಇಂಟು 3 ಆಂಪಿಯರ್ ಎಂದರೆ 72 ವಾಟ್. ಒಳಕ್ಕೇ 72 ಬರುವಾಗ ಹೊರಕ್ಕೆ 1000 ಎಲ್ಲಿಂದ? ಪೆಟ್ಟಿಗೆಯ ಮೇಲಿನ ಆ ಸಾವಿರದ ಪಕ್ಕದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಪಿಎಂಪಿಒ ಎಂದಿತ್ತು. ಅದಕ್ಕೆ ಯಾವ ಅಳತೆಗೋಲೂ ಇಲ್ಲ, ಮಾರುವವನ ಧೈರ್ಯವೇ ಅಳತೆ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಪೆಟ್ಟಿಗೆ ಸತತವಾಗಿ ಕೊಡಬಲ್ಲ ಶಕ್ತಿ. ಅದೂ ದುಪ್ಪಟ್ಟಾದರೆ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಹೆಚ್ಚುಕಡಿಮೆ ಹತ್ತರಷ್ಟು ವಾಟ್ ಬೇಕು.

ಕರೆಂಟು ಹೊಡೆದದ್ದು ಏಕೆ ಎನ್ನುವುದೂ ಅಲ್ಲಿಯೇ ಕಂಡಿತು. ಮುಖ್ಯ ತಂತಿ ಲೋಹದ ಫಲಕದ ತೂತಿನಲ್ಲಿ ಹಾದುಬರುವ ಕಡೆ ರಬ್ಬರಿನ ಬಳೆಯೇ ಇರಲಿಲ್ಲ. ಶಬ್ದದ ನಡುಕಕ್ಕೆ ತಂತಿಯ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಸವೆದು ತಾಮ್ರ ಇಣುಕುತ್ತಿತ್ತು. ಅರ್ಥ್ ಪಿನ್ನು ಇದ್ದಿದ್ದರೆ ತಾಮ್ರ ತಗಡಿಗೆ ತಾಗಿದ ಕ್ಷಣವೇ ಫ್ಯೂಸು ಹಾರುತ್ತಿತ್ತು. ಪಿನ್ನು ಕಡಿದಿದ್ದರಿಂದ ಇಡೀ ಫಲಕ ಕರೆಂಟು ಹೊತ್ತುಕೊಂಡು ಯಾರ ಕೈಗೋ ಕಾಯುತ್ತಾ ನಿಂತಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಗುಂಯ್ ಎನ್ನುವುದನ್ನು ನಿಲ್ಲಿಸಲು ಆ ಪಿನ್ನನ್ನು ಕಡಿದಿದ್ದರೆ, ಅಥವಾ ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರ್ ಹಾಕಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಹೋಗಿ ಪ್ಲಗ್ಗನ್ನು ಕೀಳಿ. ನಾನು ಆ ವಾರವೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿದೆ.

ಇಷ್ಟೆಲ್ಲ ಆದ ಮೇಲೆ ಮಾಮ ರಿಸೀವರಿನ ರಿಮೋಟ್ ಕೇಳಿದರು. ಸೆಟಪ್ ಒತ್ತಿದರು. ಸ್ಪೀಕರ್ ಪಟ್ಟಿಯಲ್ಲಿ ಮುಂದಿನ ಸ್ಪೀಕರುಗಳ ಎದುರು 'ಲಾರ್ಜ್', ಸಬ್‌ವೂಫರ್ ಎದುರು 'ನೋ' ಎಂದಿತ್ತು, ಅಂದರೆ ರಿಸೀವರ್ ಅದಕ್ಕೆ ಸಿಗ್ನಲ್ಲನ್ನೇ ಕಳುಹಿಸುತ್ತಿರಲಿಲ್ಲ. ಮೇ ತಿಂಗಳಿನಲ್ಲಿ ಒಂದು ದಿನ ಕರೆಂಟು ಏರಿಳಿದು ರಿಸೀವರ್ ಸ್ತಬ್ಧವಾದಾಗ ಮಗ ಎರಡು ಗುಂಡಿ ಒಟ್ಟಿಗೆ ಒತ್ತಿ ರಿಸೆಟ್ ಮಾಡಿದ್ದ. ಮಾಡಿದ್ದನ್ನು ಹೇಳಿಯೂ ಇದ್ದ, ನಾನು ಮೊಬೈಲಿನಲ್ಲಿ ಮುಳುಗಿದ್ದೆ. ಮಾಮ ನೋ ಎಂಬುದನ್ನು ಯೆಸ್ ಮಾಡಿದರು, ಲಾರ್ಜನ್ನು ಸ್ಮಾಲ್ ಮಾಡಿದರು, ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಟ್ಟರು, ಅಂದರೆ ಅದಕ್ಕಿಂತ ಕೆಳಗಿನ ಸ್ವರ ಸಬ್‌ವೂಫರಿಗೆ ಹೋಗುವಂತೆ. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ.

ಹಳೆಯ ಸಬ್‌ವೂಫರ್ ಈಗ ಮನೆಗೆ ಮರಳಿದೆ, ಹೇಗೆಂದು ಕೊನೆಗೆ ಹೇಳುತ್ತೇನೆ. ಅದು ಬಂದ ಮೇಲೆ ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ, ಕೇಬಲ್ ಟಿವಿ ತಂತಿಗೆ ಆ ಎರಡನೆಯ ಅರ್ಥ್ ದಾರಿಯನ್ನು ತಡೆಯುವ ಪುಟ್ಟ ಐಸೊಲೇಟರ್ ಜೋಡಿಸಿದ್ದರಿಂದ ಗುಂಯ್‌ಗುಡುವುದು ಪೂರ್ತಿ ನಿಂತಿದೆ. ಐಸೊಲೇಟರನ್ನು ಸಬ್‌ವೂಫರಿನ ತಂತಿಗೆ ಹಾಕಬೇಡಿ ಎನ್ನುತ್ತಾರೆ ಮಾಮ, ಅಗ್ಗದವು ಕೆಳಸ್ವರವನ್ನೇ ನುಂಗುತ್ತವೆ.

ಜಾಗದ ವಿಷಯವೂ ಇತ್ತು. ನಮ್ಮ ಸೋಫಾ ಹಾಲ್‌ನ ನಟ್ಟನಡುವೆ ಇತ್ತು. 12 ಅಡಿ ಎಂದರೆ 3.66 ಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಈ ಉದ್ದದಲ್ಲಿ ಸುಮಾರು 47 ಹರ್ಟ್ಜ್‌ನ ಅರ್ಧ ಅಲೆ ಸರಿಯಾಗಿ ಹಿಡಿಸುತ್ತದೆ. ಆಗ ಆ ಸ್ವರ ಗೋಡೆಯ ಬಳಿ ಉಬ್ಬಿ ನಡುವೆ ಬತ್ತಿಹೋಗುತ್ತದೆ. ನಾನು ಕೂರುತ್ತಿದ್ದುದು ಬತ್ತಿದ ಕಡೆಯೇ. ಮಾಮ ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ, ನನ್ನ ಜಾಗದಲ್ಲಿ ಕೂರಿಸಿದರು. ಡೊಳ್ಳಿನ ಧ್ವನಿಮುದ್ರಣವೊಂದನ್ನು ಹಚ್ಚಿ, ನೆಲದ ಮೇಲೆ ಅಂಬೆಗಾಲಿಕ್ಕಿ ಗೋಡೆಗುಂಟ ಹೋಗು, ಎಲ್ಲಿ ಡೊಳ್ಳು ತುಂಬಿ ಕೇಳುತ್ತದೋ ಅಲ್ಲಿ ನಿಲ್ಲು ಎಂದರು. ನಲವತ್ತಾರರ ಮನುಷ್ಯ ಅಂಬೆಗಾಲಿಕ್ಕುವುದನ್ನು ಮಗಳು ಮೊಬೈಲಿನಲ್ಲಿ ಹಿಡಿದಿದ್ದಾಳೆ, ಊರಿನ ನೆಂಟರೆಲ್ಲ ನೋಡಿಯಾಗಿದೆ. ಟಿವಿ ಸ್ಟ್ಯಾಂಡಿನ ಎಡಕ್ಕೆ, ಮೂಲೆಯಿಂದ ಎರಡು ಅಡಿ ಈಚೆ ಡೊಳ್ಳು ತುಂಬಿತು. ಈಗ ಅಲ್ಲಿಯೇ ಇದೆ, ಕೆಳಗೆ ದಪ್ಪ ರಬ್ಬರಿನ ಚಾಪೆ, ಗೇನ್ ಅರ್ಧಕ್ಕಿಂತ ಕೆಳಗೆ. ರಾತ್ರಿ ಹತ್ತಾದರೆ ಬಂದ್, ಕೆಳಗೆ ಮಾಮನೇ ಇದ್ದಾರಲ್ಲ.

ಲ್ಯಾಮಿಂಗ್ಟನ್ ರಸ್ತೆಗೆ ಆಗಸ್ಟಿನಲ್ಲಿ ಮತ್ತೆ ಹೋದೆ. ಸಿಮೆಂಟಿನ ಫೋಟೊ ತೋರಿಸಿದೆ. ಅಂಗಡಿಯವನು ನನ್ನ ಹಾಳೆಯ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ನಮ್ಮ ಹೆಸರೆಲ್ಲಿದೆ ಎಂದ. ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ನನಗೂ ಗೊತ್ತಿತ್ತು. ಅಲ್ಲಿ ಏನನ್ನು ತೋರಿಸಲಿ? ಜಿಎಸ್‌ಟಿ ಉಳಿಸಿದ ದಿನವೇ ಆ ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ.

ಮೆಟ್ಟಿಲಿಳಿಯಲು ತಿರುಗಿದಾಗ ಮೇಲಿನ ಅಟ್ಟದ ಮೇಲೆ ನನ್ನ 8 ಇಂಚಿನದು ಕುಳಿತಿತ್ತು. ಒರೆಸಿ ಹೊಳಪು ಬರಿಸಿದ್ದರು. ಪಕ್ಕದ ಹಲಗೆಯಲ್ಲಿ ಮಗಳು ಎಂದೋ ಅಂಟಿಸಿದ್ದ ನೀಲಿ ಚಿಟ್ಟೆ ಹಾಗೆಯೇ ಇತ್ತು. ಬೆಲೆ ಕೇಳಿದೆ. 4,500, ಕಂಡೀಷನ್ ಏಕದಂ ಚೆನ್ನಾಗಿದೆ ಎಂದ. ಈ ಸಲ ಪ್ಲಗ್ಗಿಗೆ ಹಾಕಿಸಿದೆ, ಹಿಂಬದಿ ಬಿಚ್ಚಿಸಿದೆ, ನಾಲ್ಕೂ ಬೆರಳಿನಿಂದ ಕೋನನ್ನು ಸಮವಾಗಿ ಒತ್ತಿ ಒಳಗಿನ ತಂತಿಯ ಸುರುಳಿ (ಕಾಯಿಲ್) ಉಜ್ಜುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟೆ, ಪಕ್ಕಾ ಬಿಲ್ ಬರೆಸಿದೆ. ತೆರಿಗೆ ಸೇರಿ 3,700ಕ್ಕೆ ಬಂದು ನಿಂತ. ಪಾಲಿಶ್ ಕೆಟ್ಟಿದೆಯಲ್ಲ ಎಂದು ಚಿಟ್ಟೆಯನ್ನು ತೋರಿಸಿದ್ದಕ್ಕೆ ಇನ್ನೂ ನೂರು ಇಳಿಸಿದ.